ಗೌಜಲ ಹಕ್ಕಿಗೆ ಹೊರಾಂಗಣದ ಗೂಡು: ಜನವರಿ ನೋಡಿ ಕಟ್ಟಬೇಡಿ, ಜುಲೈ ನೋಡಿ ಕಟ್ಟಿ



ಕಲ್ಯಾಣ್–ಮುರ್ಬಾಡ್ ರಸ್ತೆಯ ನಮ್ಮ ಗಾರ್ಡನ್ ಹೋಟೆಲಿಗೆ ಬಂದ ಮಿತ್ರರು ಊಟ ಮುಗಿಸಿ ಕೈ ತೊಳೆದವರೇ ಹಿತ್ತಿಲಿನ ಗೌಜಲ ಹಕ್ಕಿಯ ಗೂಡಿನ ಎದುರು ಹೋಗಿ ನಿಲ್ಲುತ್ತಾರೆ. "ಇದಕ್ಕೆ ಎಷ್ಟು ಖರ್ಚಾಯಿತು? ನಮ್ಮಲ್ಲೂ ಜಾಗ ಉಂಟು, ಕಟ್ಟಬಹುದಾ?" ಎಂದು ಕೇಳುತ್ತಾರೆ. ಡೊಂಬಿವಲಿಯ ಇಬ್ಬರು, ಪನ್ವೇಲ್ ಕಡೆಯ ಒಬ್ಬರು ಈಗಾಗಲೇ ಅಳತೆ ಬರೆದುಕೊಂಡು ಹೋಗಿದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆಲೇ ತಿಳಿಸೋಣ ಎಂದು ಈ ಲೇಖನ. ನಾವು ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬಯಿಯ ರೈಲು ಹತ್ತಿದವರು, ಪಶುವೈದ್ಯರಲ್ಲ. ಪೆಟ್ಟು ತಿಂದು ಕಲಿತದ್ದನ್ನು, ತಿಳಿದವರಿಂದ ಕೇಳಿ ಖಚಿತ ಮಾಡಿಕೊಂಡದ್ದನ್ನು ಮಾತ್ರ ಬರೆದಿದ್ದೇವೆ.

ಹಕ್ಕಿಯ ಪರಿಚಯ

ನಮ್ಮ ಊರ ಕಡೆ ಗೌಜಲ ಹಕ್ಕಿ, ಲಾವಕ್ಕಿ ಎನ್ನುವುದನ್ನು ಇಲ್ಲಿ ಮರಾಠಿಯಲ್ಲಿ ಲಾವಾ ಎಂದೂ ಹಿಂದಿಯಲ್ಲಿ ಬಟೇರ್ ಎಂದೂ ಹೇಳುತ್ತಾರೆ. ಫಾರ್ಮಿನಲ್ಲಿ ಸಾಕುವುದು ಜಪಾನಿ ಗೌಜಲ. 1974ರಲ್ಲಿ ಇದನ್ನು ಅಮೆರಿಕಾದ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಝತ್‌ನಗರಕ್ಕೆ ತರಲಾಯಿತು. ಅಲ್ಲಿನ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯವರು ನಮ್ಮ ಹವೆಗೆ ಹೊಂದುವ ತಳಿಗಳನ್ನು ಬೆಳೆಸಿ ದೇಶಕ್ಕೆಲ್ಲ ಹರಡಿದರು.

ಹಕ್ಕಿ ಸಣ್ಣದು, ಬೆಳೆದಾಗ 150ರಿಂದ 200 ಗ್ರಾಂ ತೂಗುತ್ತದೆ. ಮೊಟ್ಟೆ 10ರಿಂದ 12 ಗ್ರಾಂ. ಮರಿ 17–18 ದಿನದಲ್ಲಿ ಹೊರಬರುತ್ತದೆ, ಹೆಣ್ಣು ಆರೇಳು ವಾರದಲ್ಲೇ ಮೊಟ್ಟೆಗೆ ಬರುತ್ತದೆ. ಆದರೆ ಸಾಕಿದ ಗೌಜಲ ಕಾವು ಕೂರುವುದಿಲ್ಲ, ಮರಿ ಬೇಕೆಂದರೆ ಯಂತ್ರವೇ ಬೇಕು. ಇದು ನೆಲದ ಹಕ್ಕಿ. ಕೋಳಿಯಂತೆ ಅಡ್ಡದ ಕೋಲಿನ ಮೇಲೆ ಹತ್ತಿ ಮಲಗುವುದಿಲ್ಲ. ತಿನ್ನುವುದು, ಮಲಗುವುದು, ಮೊಟ್ಟೆ ಇಡುವುದು ಎಲ್ಲಾ ನೆಲದಲ್ಲೇ. ಈ ಒಂದು ಗುಣವನ್ನು ನಾವು ಮೊದಲಿಗೆ ಸರಿಯಾಗಿ ಗಮನಿಸಲಿಲ್ಲ. ಅದರ ದಂಡವನ್ನು ಹಕ್ಕಿಗಳು ತೆತ್ತವು.

ನಮ್ಮ ಮೊದಲ ಗೂಡು

2019ರ ಜನವರಿಯಲ್ಲಿ ಮೊದಲ ಗೂಡು ಕಟ್ಟಿಸಿದೆವು. ವಿದೇಶದ ಒಂದು ಚಿತ್ರ ನೋಡಿ ಅದರಂತೆಯೇ ಮಾಡಿಸಿದ್ದು. ನಾಲ್ಕು ಬದಿಗೆ ಜಾಳಿ, ಮೇಲೂ ಜಾಳಿ, ಒಂದು ಮೂಲೆಗೆ ಮಾತ್ರ ಪತ್ರಾ. ಕೆಳಗೆ ಮಣ್ಣಿನ ನೆಲ, ಅಲ್ಲಲ್ಲಿ ಹುಲ್ಲು. 80 ಹಕ್ಕಿ ತಂದು ಬಿಟ್ಟೆವು. ಮೇ ತಿಂಗಳ ತನಕ ಎಲ್ಲಾ ಚೆಂದ. ಮಕ್ಕಳು ಜಾಳಿಗೆ ಅಂಟಿಕೊಂಡು ನಿಲ್ಲುವುದು, ತಂದೆ ತಾಯಿ ಇನ್ನೊಂದು ಚಾ ತರಿಸುವುದು. ನಾವು ಗಲ್ಲಾದಲ್ಲಿ ಕೂತು ಸಂತೋಷಪಟ್ಟದ್ದೇ ಪಟ್ಟದ್ದು.

ಜೂನ್ ಕೊನೆಗೆ ಮಳೆ ಹಿಡಿಯಿತು. ಮೂಲೆಯ ಪತ್ರಾದ ಕೆಳಗೆ ಹಕ್ಕಿಗಳು ಒಂದರ ಮೇಲೊಂದು ಒತ್ತಿಕೊಂಡು ಕೂರತೊಡಗಿದವು. ನೆಲ ರಾಡಿ, ಅದರಲ್ಲೇ ಹಿಕ್ಕೆ, ಅದರಲ್ಲೇ ಕಾಳು. ಗರಿ ಉಬ್ಬಿಸಿಕೊಂಡು ತೂಕಡಿಸುವುದು, ನೀರಿನಂತೆ ಹಿಕ್ಕೆ ಹಾಕುವುದು, ಬೆಳಿಗ್ಗೆ ನೋಡಿದರೆ ಸತ್ತಿರುವುದು. ಜುಲೈ 25ಕ್ಕೆ 80ರಲ್ಲಿ 43 ಉಳಿದಿದ್ದವು. ಮರುದಿನ ರಾತ್ರಿ ಉಲ್ಹಾಸ್ ನದಿ ಉಕ್ಕಿತು. ಬದ್ಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್ ನೀರಿನಲ್ಲಿ ಸಿಕ್ಕಿಬಿದ್ದ ರಾತ್ರಿ ಅದು. ನಮ್ಮ ಹಿತ್ತಿಲಿಗೂ ಒಂದಡಿ ನೀರು ಬಂತು. ಬೆಳಿಗ್ಗೆ ಎಣಿಸಿದಾಗ ಉಳಿದದ್ದು 25.

ಎಲ್ಲರಿಗೂ "ನೆರೆಯಿಂದ ಹೋಯಿತು" ಎಂದೇ ಹೇಳಿದೆವು. ಹಾಗೆ ಹೇಳಿದರೆ ನಮ್ಮ ತಪ್ಪು ಕಾಣುವುದಿಲ್ಲವಲ್ಲ. ಉಳಿದವನ್ನು ನೋಡಲು ಬಂದ ಪಶುವೈದ್ಯರು ಹಿಕ್ಕೆ ಪರೀಕ್ಷೆ ಮಾಡಿಸಿ, ಇದು ಕಾಕ್ಸಿಡಿಯಾ ರೋಗ ಎಂದರು. ಒದ್ದೆ ನೆಲದಲ್ಲಿ ಹಿಕ್ಕೆಯ ಮೂಲಕ ಒಂದರಿಂದ ಒಂದಕ್ಕೆ ಹರಡುತ್ತದಂತೆ. ನಂತರ ನಮ್ಮದೇ ಡೈರಿ ತೆರೆಸಿ ಲೆಕ್ಕ ಹಾಕಿಸಿದರು. "ನೆರೆ ಕೊಂಡುಹೋದದ್ದು 18. ಒದ್ದೆ ನೆಲ ಕೊಂದದ್ದು 37. ನೆರೆ ಬಾರದಿದ್ದರೂ ಈ ಗೂಡಿನಲ್ಲಿ ಒಂದೂ ಉಳಿಯುತ್ತಿರಲಿಲ್ಲ." ನಮಗೆ ಉತ್ತರ ಬರಲಿಲ್ಲ.

ಅಲ್ಲಿಂದ ಕಲಿತದ್ದು ಇಷ್ಟೇ. ನಮ್ಮ ಠಾಣೆ ಜಿಲ್ಲೆಯಲ್ಲಿ ಮಳೆ ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರ್ ದಾಟುತ್ತದೆ. ಇಲ್ಲಿ ಗೌಜಲದ ಗೂಡು ಎಂದರೆ ಮೊದಲು ಒಣ ನೆಲ ಮತ್ತು ಪೂರ್ತಿ ಮಾಡು. ಜಾಳಿ, ಅಲಂಕಾರ ಎಲ್ಲಾ ಆಮೇಲೆ. 2020 ಲಾಕ್‌ಡೌನಿನಲ್ಲಿ ಹೋಯಿತು. ಹಳೆಯ ಗೂಡು ಕೆಡವಿ 2021ರ ಅಕ್ಟೋಬರದಲ್ಲಿ ಹೊಸದು ಕಟ್ಟಿದೆವು. ಅದರ ವಿವರ ಕೆಳಗೆ ಕೊಟ್ಟಿದ್ದೇವೆ.

1. ಜಾಗ ಮತ್ತು ಅಡಿಪಾಯ

ಮಳೆಗಾಲದಲ್ಲಿ ಹಿತ್ತಿಲಿನಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಒಂದು ವರ್ಷ ಗುರುತು ಹಾಕಿಡಿ. ಹೊಸ ಜಾಗವಾದರೆ ಅಕ್ಕಪಕ್ಕದ ಹಳಬರನ್ನು, 2005ರ ಜುಲೈ 26ರಂದು ನೀರು ಎಲ್ಲಿತ್ತು ಎಂದು ಕೇಳಿ. ಕಲ್ಯಾಣ, ಬದ್ಲಾಪುರ ಕಡೆಯ ಹಳಬರು ಆ ದಿನದ ಗುರುತನ್ನು ಗೋಡೆಯ ಮೇಲೆ ಕೈ ಇಟ್ಟು ತೋರಿಸುತ್ತಾರೆ. ಅಷ್ಟು ಎತ್ತರಕ್ಕೆ ಕಟ್ಟಲಾಗದಿದ್ದರೆ ಆ ಜಾಗ ಬೇಡ. ನಾವು ಗೂಡನ್ನು ಹಿತ್ತಿಲಿನ ಎತ್ತರದ ಮೂಲೆಗೆ ತಂದು, ಅದರ ಮೇಲೆ ಎರಡಡಿಯ ಕಟ್ಟೆ ಕಟ್ಟಿಸಿದೆವು.

ಕಟ್ಟೆಯ ಮೇಲೆ ಸಿಮೆಂಟ್ ಕಾಂಕ್ರೀಟ್, ನಾಲ್ಕಡಿಗೆ ಒಂದಿಂಚಿನ ಇಳಿಜಾರು, ತೊಳೆದ ನೀರು ಹೋಗಲು ಒಂದು ತೂತು. ತೂತಿಗೆ ಒಳ್ಳೆಯ ಜಾಳಿ ಇರಲಿ, ಇಲ್ಲವಾದರೆ ಹೆಗ್ಗಣಕ್ಕೆ ಅದೇ ಹೆಬ್ಬಾಗಿಲು. ಮಣ್ಣಿನ ನೆಲವೇ ಬೇಕು ಎನ್ನುವವರಿಗೆ ಒಂದು ಮಾತು. ಮಣ್ಣಿಗೆ ರೋಗ ಒಮ್ಮೆ ಸೇರಿದರೆ ತೊಳೆದು ತೆಗೆಯಲು ಬರುವುದಿಲ್ಲ.

2. ಮಾಡು

ಮಾಡು ಪೂರ್ತಿ ಮುಚ್ಚಿರಬೇಕು. ನಮ್ಮಲ್ಲಿ ಮಳೆ ಗಾಳಿ ನೈಋತ್ಯದಿಂದ ಹೊಡೆಯುವುದರಿಂದ ಮಾಡಿನ ಇಳಿಜಾರು ಮತ್ತು ಗೋಡೆ ಆ ದಿಕ್ಕಿಗೆ, ತೆರೆದ ಮುಖ ಪೂರ್ವಕ್ಕೆ. ಬೆಳಗಿನ ಬಿಸಿಲು ಒಳಗೆ ಬೀಳುತ್ತದೆ, ಮಧ್ಯಾಹ್ನದ್ದು ಬೀಳುವುದಿಲ್ಲ. ಸೂರು ಎಲ್ಲಾ ಬದಿಗೂ ಗೋಡೆಯಿಂದ ಮೂರಡಿ ಹೊರಗೆ ಚಾಚಿರಲಿ. ಒಂದಡಿ ಬಿಟ್ಟರೆ ಇರಚಲು ನೇರ ಒಳಗೆ ಬರುತ್ತದೆ.

ಪತ್ರಾ ಏಪ್ರಿಲ್–ಮೇ ತಿಂಗಳಲ್ಲಿ ಕಾದು ಕಾವಲಿಯಾಗುತ್ತದೆ. ಬಿಸಿ 35 ಡಿಗ್ರಿ ದಾಟಿದರೆ ಹಕ್ಕಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಪತ್ರಾದ ಮೇಲೆ ಬಿಳಿ ಬಣ್ಣ ಹೊಡೆಸಿ, ಬೇಸಿಗೆಯಲ್ಲಿ ತೆಂಗಿನ ಮಡಲು ಹೊದೆಸಿ. ಊರಿನಲ್ಲಿ ಹಟ್ಟಿಗೆ ಮಾಡುತ್ತಿದ್ದದ್ದೇ.

ಮಳೆಗಾಲದಲ್ಲಿ ಗಾಳಿ ಬದಿಗೆ ತಾಡಪತ್ರಿ ಇಳಿಬಿಡುತ್ತೇವೆ, ಆದರೆ ಮೇಲಿನ ಒಂದಡಿ ಯಾವಾಗಲೂ ತೆರೆದಿರುತ್ತದೆ. ಪೂರ್ತಿ ಮುಚ್ಚಿದರೆ ಹಿಕ್ಕೆಯ ಘಾಟು ಒಳಗೇ ನಿಂತು ಹಕ್ಕಿಯ ಕಣ್ಣು, ಶ್ವಾಸ ಎರಡೂ ಕೆಡುತ್ತದೆ. ಒಳಗೆ ಕೂತು ನೋಡಿ. ನಿಮ್ಮ ಕಣ್ಣು ಉರಿದರೆ ಹಕ್ಕಿಗೂ ಉರಿಯುತ್ತಿದೆ ಎಂದೇ ಅರ್ಥ.

3. ಜಾಳಿ ಮತ್ತು ಬಾಗಿಲು

ಕೆಳಗಿನ ಒಂದೂವರೆ ಅಡಿ ಇಟ್ಟಿಗೆ ಗೋಡೆ. ಮಳೆಯ ಸಿಡಿತ ತಡೆಯುತ್ತದೆ, ಬೆಕ್ಕು ನಾಯಿ ಕಂಡು ಹಕ್ಕಿ ಬೆದರುವುದೂ ತಪ್ಪುತ್ತದೆ. ಅದರ ಮೇಲೆ ಅರ್ಧ ಇಂಚಿನ ವೆಲ್ಡ್ ಜಾಳಿ. ಕೋಳಿಗೆ ಹಾಕುವ ಆರು ಮೂಲೆಯ ತೆಳು ಜಾಳಿ ಸಾಲದು, ಹೆಗ್ಗಣ ಕಡಿದು ಬರುತ್ತದೆ, ಮುಂಗುಸಿ ಎಳೆದು ತೆರೆಯುತ್ತದೆ. ಸಣ್ಣ ಇಲಿ ಮರಿಯನ್ನು ಅರ್ಧ ಇಂಚೂ ತಡೆಯಲಾರದು. ಅದಕ್ಕೆ ಆಹಾರವನ್ನು ರಾತ್ರಿ ಒಳಗೆ ಬಿಡದೆ ಮುಚ್ಚಳದ ಡಬ್ಬಿಯಲ್ಲಿ ತೆಗೆದಿಡುವುದೇ ಉಪಾಯ.

ಬಾಗಿಲು ಎರಡಿರಬೇಕು. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುವಂತೆ ನಡುವೆ ಮೂರಡಿ ಜಾಗ. ತಪ್ಪಿಸಿಕೊಂಡ ಗೌಜಲ ಹಿಂದೆ ಬರುವುದಿಲ್ಲ. ನಮ್ಮ ಹುಡುಗರು ಎರಡು ಸಲ ಟೊಮೆಟೊ ಕ್ರೇಟ್ ಹಿಡಿದು ರಸ್ತೆಯವರೆಗೆ ಓಡಿದ ಮೇಲೆ ಈ ಬುದ್ಧಿ ಬಂತು.

4. ಎತ್ತರ ಮತ್ತು ಸಂಖ್ಯೆ

ಗೌಜಲ ಬೆದರಿದರೆ ನೇರ ಮೇಲಕ್ಕೆ ಬಾಣದಂತೆ ಹಾರುತ್ತದೆ. ಮೂರು ನಾಲ್ಕು ಅಡಿ ಎತ್ತರದ ಗೂಡಿನಲ್ಲಿ ಪೂರ್ತಿ ವೇಗದಲ್ಲಿ ತಲೆ ಹೊಡೆದುಕೊಂಡು ಸಾಯುತ್ತದೆ. ಆದ್ದರಿಂದ ಗೂಡು ಒಂದೋ ಒಂದಡಿಯ ಒಳಗಿನ ತಗ್ಗು ಪಂಜರವಾಗಬೇಕು, ಇಲ್ಲವೇ ಆರಡಿಗಿಂತ ಎತ್ತರವಿರಬೇಕು. ನಮ್ಮದು ಏಳಡಿ, ಪತ್ರಾದ ಅರ್ಧ ಅಡಿ ಕೆಳಗೆ ಹಳೆಯ ಮೀನಿನ ಬಲೆಯನ್ನು ಸಡಿಲವಾಗಿ ಕಟ್ಟಿದ್ದೇವೆ. ತಲೆ ಬಡಿದರೂ ಬಲೆ ತಡೆಯುತ್ತದೆ. ದೀಪಾವಳಿ ಮತ್ತು ಮದುವೆ ಸೀಸನಿನ ಪಟಾಕಿ ನಮ್ಮ ಜಾಗದಲ್ಲಿ ತಪ್ಪಿದ್ದಲ್ಲವಲ್ಲ.

ಪಂಜರದಲ್ಲಿ ಫಾರ್ಮಿನವರು ಒಂದು ಚದರ ಅಡಿಗೆ ಎಂಟು ಹತ್ತು ಹಕ್ಕಿ ಇಡುತ್ತಾರೆ. ಹೊರಾಂಗಣದಲ್ಲಿ ಆ ಲೆಕ್ಕ ಹಿಡಿಯಬೇಡಿ, ಒಂದು ಹಕ್ಕಿಗೆ ಕನಿಷ್ಠ ಒಂದು ಚದರ ಅಡಿ ಕೊಡಿ. ನಮ್ಮ ಗೂಡು 12 ಅಡಿಗೆ 6 ಅಡಿ, ಹಕ್ಕಿ 60. ಅದರಲ್ಲಿ 45 ಹೆಣ್ಣು, 15 ಗಂಡು. ಗಂಡು ಹೆಚ್ಚಾದರೆ ಕೋಳಿ ಅಂಕದಂತೆ ಕಾದಾಡಿ ತಲೆ ಕುಕ್ಕಿ ರಕ್ತ ಮಾಡುತ್ತವೆ, ಹೆಣ್ಣಿನ ಬೆನ್ನಿನ ಗರಿ ಕೀಳುತ್ತವೆ. ಮೂರು ವಾರ ದಾಟಿದ ಮೇಲೆ ಎದೆ ನೋಡಿದರೆ ಗುರುತು ಸಿಗುತ್ತದೆ. ಗಂಡಿನ ಎದೆ ಚುಕ್ಕೆ ಇಲ್ಲದ ಇಟ್ಟಿಗೆ ಬಣ್ಣ, ಹೆಣ್ಣಿನದು ಕಪ್ಪು ಚುಕ್ಕೆ ಇರುವ ಮಾಸಲು ಬಣ್ಣ. ಮರಿಗಳನ್ನು ನೇರ ಹೊರಗಿನ ಗೂಡಿಗೆ ಬಿಡಬೇಡಿ, ಮೊದಲ ವಾರ ಅವಕ್ಕೆ 35 ಡಿಗ್ರಿಗಿಂತ ಹೆಚ್ಚು ಕಾವು ಬೇಕು. ಐದಾರು ವಾರದ ಹಕ್ಕಿಯನ್ನೇ ಕೊಳ್ಳುವುದು ಒಳ್ಳೆಯದು.

5. ಒಳಗಿನ ವ್ಯವಸ್ಥೆ

ನೆಲ: ಕಾಂಕ್ರೀಟಿನ ಮೇಲೆ ಮೂರಿಂಚು ಅಕ್ಕಿ ಉಮಿ. ವಾರಕ್ಕೊಮ್ಮೆ ಕೆದಕಬೇಕು, ಒದ್ದೆಯಾದ ಭಾಗವನ್ನು ಅದೇ ದಿನ ತೆಗೆಯಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉಂಡೆ ಉಳಿದರೆ ಬದಲಿಸುವ ಸಮಯ ಬಂತು ಎಂದು ತಿಳಿಯಿರಿ. ಮಳೆಗಾಲಕ್ಕೆ ಬೇಕಾದ ಉಮಿಯನ್ನು ಮೇ ತಿಂಗಳಲ್ಲೇ ಚೀಲ ಕಟ್ಟಿ ಇಡಿ. ಜುಲೈಯಲ್ಲಿ ಒಣ ಉಮಿ ಹಣ ಕೊಟ್ಟರೂ ಸಿಗುವುದು ಕಷ್ಟ.

ಹೊಯಿಗೆ ತಟ್ಟೆ: ಒಂದು ಅಗಲ ಟ್ರೇಯಲ್ಲಿ ಒಣ ಹೊಯಿಗೆ. ಹಕ್ಕಿ ಅದರಲ್ಲಿ ಹೊರಳಿ ಗರಿ ಶುದ್ಧ ಮಾಡಿಕೊಳ್ಳುತ್ತದೆ, ಹೇನು ಕಡಿಮೆಯಾಗುತ್ತದೆ. ಗಿರಾಕಿಗಳ ಮಕ್ಕಳಿಗೆ ಬಹಳ ಇಷ್ಟದ ದೃಶ್ಯವೂ ಇದೇ.

ನೀರು: ಅಗಲ ಪಾತ್ರೆ ಬೇಡ. ಸಣ್ಣ ಬಾಯಿಯ ಪಾತ್ರೆ, ಅದರಲ್ಲಿ ನಾಲ್ಕು ಉರುಟು ಕಲ್ಲು. ದಿನಕ್ಕೆ ಎರಡು ಸಲ ಬದಲಿಸಿದರೆ ಸೊಳ್ಳೆಯೂ ಆಗುವುದಿಲ್ಲ, ಮುನಿಸಿಪಾಲಿಟಿಯವರಿಗೆ ಹೇಳಲು ಏನೂ ಸಿಗುವುದಿಲ್ಲ.

ಆಹಾರ: ದೊಡ್ಡ ಹಕ್ಕಿಗೆ ದಿನಕ್ಕೆ 20ರಿಂದ 25 ಗ್ರಾಂ. ಪ್ರೋಟೀನ್ ನೂರಕ್ಕೆ 20–22 ಇರುವ ಪುಡಿ ಆಹಾರ, ಜೊತೆಗೆ ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲು ಚಿಪ್ಪಿನ ಹುಡಿ. ಊರಿನವರಿಗೆ ಮರುವಾಯಿ ಚಿಪ್ಪಿನ ಹುಡಿ ಎಂದರೆ ಬೇಗ ತಿಳಿಯುತ್ತದೆ. ಹೋಟೆಲಿನ ಉಳಿದ ಅನ್ನ, ಚಪಾತಿ, ಪಲ್ಯ ಯಾವುದನ್ನೂ ಹಾಕಬೇಡಿ. "ಹೇಗೂ ಬಿಸಾಡುವುದು" ಎಂದು ನಮಗೆಲ್ಲ ಆಸೆಯಾಗುತ್ತದೆ. ಉಪ್ಪು, ಎಣ್ಣೆ ಹಕ್ಕಿಗೆ ಆಗದು, ಒದ್ದೆ ಆಹಾರಕ್ಕೆ ಬೂಸ್ಟು ಬರುತ್ತದೆ, ರಾತ್ರಿ ಹೆಗ್ಗಣ ಬರುತ್ತದೆ.

ಬೆಳಕು: ಮೊಟ್ಟೆಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಹನ್ನೊಂದು ಗಂಟೆ ಮಾತ್ರ. ಸಂಜೆ ಆರರಿಂದ ಹತ್ತರವರೆಗೆ ಒಂದು ಸಣ್ಣ ಎಲ್‌ಇಡಿ ಬಲ್ಬು ಸಾಕು. ವಯರಿಂಗ್ ಪೈಪಿನೊಳಗೆ ಹಾಕಿಸಿ, ಶಾಕ್ ತಡೆಯುವ ಬ್ರೇಕರ್ ಕೂಡಿಸಿ. ಮಳೆಗಾಲದಲ್ಲಿ ಒಳಗೆ ಹೋಗುವವನು ನಮ್ಮದೇ ಹುಡುಗ ಎಂಬುದನ್ನು ಮರೆಯಬಾರದು.

ಕೋಳಿ, ಬಾತು ಇವುಗಳ ಜೊತೆ ಗೌಜಲವನ್ನು ಸೇರಿಸಬೇಡಿ. ಕೋಳಿ ತಾಳಿಕೊಳ್ಳುವ ರೋಗ ಇವುಗಳಿಗೆ ಪ್ರಾಣಾಂತಿಕವಾಗಬಹುದು.

6. ಹಕ್ಕಿ ಜ್ವರ ಮತ್ತು ಮಾಡು

ಪೂರ್ತಿ ಮಾಡಿಗೆ ಮಳೆಯಲ್ಲದೆ ಇನ್ನೊಂದು ಕಾರಣವಿದೆ. 2021ರ ಜನವರಿಯಲ್ಲಿ ಠಾಣೆಯಲ್ಲಿ ಸತ್ತ ಕೊಕ್ಕರೆಗಳಲ್ಲಿ ಹಕ್ಕಿ ಜ್ವರ ಕಂಡಿತು. 2022ರ ಫೆಬ್ರವರಿಯಲ್ಲಿ ಶಹಾಪುರ ತಾಲೂಕಿನ ವೆಹಳೋಲಿಯ ಒಂದು ಫಾರ್ಮಿನಲ್ಲಿ ಸುಮಾರು ನೂರು ಹಕ್ಕಿ ಸತ್ತವು. ಪರೀಕ್ಷೆಯಲ್ಲಿ ಹಕ್ಕಿ ಜ್ವರ ಎಂದು ಬಂದ ಮೇಲೆ ಒಂದು ಕಿಲೋಮೀಟರ್ ಸುತ್ತಳತೆಯ ಸುಮಾರು 25 ಸಾವಿರ ಹಕ್ಕಿಗಳನ್ನು ಕೊಲ್ಲಲು ಆದೇಶವಾಯಿತು. 2025ರ ಜನವರಿಯಲ್ಲಿ ನವಿ ಮುಂಬಯಿಯ ಪಕ್ಕದ ಉರಣ್ ತಾಲೂಕಿನ ಚಿರ್ನೇರಿನಲ್ಲೂ ಹೀಗೆಯೇ ಆಯಿತು. ಅಂದರೆ ಇದು ನಮ್ಮ ಅಂಗಳದ ವಿಷಯ.

ಈ ರೋಗ ಕಾಡು ಹಕ್ಕಿಗಳ, ನೀರು ಹಕ್ಕಿಗಳ ಹಿಕ್ಕೆಯಿಂದಲೂ ಬರುತ್ತದೆ. ಮೇಲೆ ಬರೀ ಜಾಳಿ ಇದ್ದರೆ ಕಾಗೆ, ಬೆಳ್ಳಕ್ಕಿ ಕೂತು ಹಾಕಿದ್ದು ನೇರ ನಮ್ಮ ಹಕ್ಕಿಯ ನೀರಿನ ಪಾತ್ರೆಗೆ ಬೀಳುತ್ತದೆ. ಮಳೆಗೆಂದು ಹಾಕಿದ ಪತ್ರಾ ಇದನ್ನೂ ತಡೆಯುತ್ತದೆ. ವೆಹಳೋಲಿಯ ಸುದ್ದಿ ಬಂದ ದಿನ ನಮ್ಮ ಹೊಸ ಗೂಡಿಗೆ ನಾಲ್ಕು ತಿಂಗಳು. ನಾವು ಆ ಸುತ್ತಳತೆಗೆ ಬರುತ್ತಿರಲಿಲ್ಲ, ಆದರೂ ಹಳೆಯ ಜಾಳಿಯ ಮಾಡೇ ಇದ್ದಿದ್ದರೆ ಆ ತಿಂಗಳು ನಿದ್ದೆ ಬರುತ್ತಿರಲಿಲ್ಲ.

ಗೂಡಿಗೆ ಬೇರೆಯೇ ಚಪ್ಪಲಿ ಇಡಿ, ಬಾಗಿಲಲ್ಲಿ ಸುಣ್ಣದ ಹುಡಿ ಹಾಕಿ. ಒಂದೇ ದಿನ ನಾಲ್ಕಾರು ಹಕ್ಕಿ ಸತ್ತರೆ ಹೂಳಿ ಸುಮ್ಮನಿರಬೇಡಿ, ಸರಕಾರಿ ಪಶು ದವಾಖಾನೆಗೆ ತಿಳಿಸಿ. ಬರಿಗೈಯಲ್ಲಿ ಮುಟ್ಟಬೇಡಿ. ಬಚ್ಚಿಟ್ಟರೆ ನಷ್ಟವೇ ಹೆಚ್ಚು. ಸರಕಾರದ ಪರಿಹಾರ ಅವರು ಕೊಲ್ಲುವ ಹಕ್ಕಿಗೆ ಸಿಗುತ್ತದೆ, ಮೊದಲೇ ಸತ್ತದ್ದಕ್ಕೆ ಸಿಗುವುದಿಲ್ಲ. ಗಿರಾಕಿ ಕೇಳಿದರೆ ಸತ್ಯ ಹೇಳಿ: 70 ಡಿಗ್ರಿಗೆ ಮೇಲೆ ಪೂರ್ತಿ ಬೆಂದ ಮಾಂಸ, ಮೊಟ್ಟೆಯಲ್ಲಿ ಈ ವೈರಸ್ ಉಳಿಯುವುದಿಲ್ಲ. ಅರೆಬೆಂದದ್ದನ್ನು ಮಾತ್ರ ಬಡಿಸಬೇಡಿ.

7. ಹೋಟೆಲಿನವರು ಮರೆಯಬಾರದ್ದು

ಗೂಡು ಅಡಿಗೆಮನೆಗೆ ತಾಗಿ ಇರಬಾರದು. ಎಫ್‌ಎಸ್‌ಎಸ್‌ಎಐ ಲೈಸೆನ್ಸಿನ ಶುಚಿತ್ವದ ನಿಯಮದಂತೆ ಆಹಾರ ತಯಾರಿಸುವ ಜಾಗಕ್ಕೆ ಪ್ರಾಣಿ ಪಕ್ಷಿ ಬರುವಂತಿಲ್ಲ. ಗೂಡು ನೋಡುವ ಹುಡುಗ ಭಟ್ಟಿಗೆ, ಸಪ್ಲೈಗೆ ಹೋಗಬಾರದು. ನಮ್ಮಲ್ಲಿ ಈ ಕೆಲಸ ವಾಚ್‌ಮನ್ನಿನದು. ಹೋಟೆಲಿನ ಹಿಂದೆ ಹಕ್ಕಿ ಕೊಯ್ಯುವುದೂ ಬೇಡ. ಮಾಂಸ ಬೇಕಾದರೆ ಲೈಸೆನ್ಸ್ ಇರುವವರಿಂದ ಶುದ್ಧ ಮಾಡಿದ್ದನ್ನೇ ಬಿಲ್ಲಿನ ಮೇಲೆ ತನ್ನಿ.

ಹೈವೇಯಲ್ಲಿ ಬಲೆಗೆ ಬಿದ್ದ ಕಾಡು ಗೌಜಲ ತಂದು "ಅಸಲಿ ಬಟೇರ್" ಎನ್ನುವವರು ಬರುತ್ತಾರೆ. ಕಾಡಿನ ಗೌಜಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತದೆ. ಹಿಡಿಯುವುದು, ಮಾರುವುದು ಅಪರಾಧ, ಕೊಳ್ಳುವವರೂ ಸಿಕ್ಕಿಬೀಳುತ್ತಾರೆ. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಜಪಾನಿ ಗೌಜಲದ ಹೊಸ ಫಾರ್ಮುಗಳಿಗೂ ತಡೆ ಹಾಕಿತ್ತು, ಮುಂದೆ ಅದು ತೆರವಾಯಿತು. ಆದ್ದರಿಂದ ಫಾರ್ಮಿನ ಬಿಲ್ಲು ಯಾವಾಗಲೂ ಫೈಲಿನಲ್ಲಿರಲಿ.

ಡೊಂಬಿವಲಿ, ಠಾಣೆ ಪೇಟೆಯೊಳಗೆ ಟೆರೇಸಿನಲ್ಲಿ ಕಟ್ಟುವ ಆಲೋಚನೆ ಇದ್ದವರು ಬಿಟ್ಟುಬಿಡಿ. ಗಂಡು ಗೌಜಲ ಬೆಳಗಿನ ಜಾವ ಕರ್ಕಶವಾಗಿ ಕೂಗುತ್ತದೆ. ಸೊಸೈಟಿಯವರು ಹಕ್ಕಿಯನ್ನಲ್ಲ, ನಮ್ಮನ್ನು ಹೊರಗೆ ಹಾಕುತ್ತಾರೆ.

8. ಲಾಭದ ಲೆಕ್ಕ

60 ಹಕ್ಕಿಗೆ ದಿನಕ್ಕೆ ಒಂದೂವರೆ ಕಿಲೋ ಆಹಾರ, ತಿಂಗಳಿಗೆ 45 ಕಿಲೋ, ಹೆಚ್ಚು ಕಡಿಮೆ ಒಂದು ಚೀಲ. 45 ಹೆಣ್ಣಿನಿಂದ ನಮಗೆ ದಿನಕ್ಕೆ ಸರಾಸರಿ 30 ಮೊಟ್ಟೆ ಸಿಗುತ್ತದೆ. ತೂಕದಲ್ಲಿ ನೋಡಿದರೆ ಅದು ಆರು ಕೋಳಿ ಮೊಟ್ಟೆಗೆ ಸಮ. ವರ್ಷ ದಾಟಿದ ಮೇಲೆ ಮೊಟ್ಟೆ ಇಳಿಯುತ್ತದೆ, ಹೊಸ ಹಕ್ಕಿ ತರಬೇಕಾಗುತ್ತದೆ. ಕಟ್ಟಿದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಕಟ್ಟೆ ಮತ್ತು ಮಾಡಿಗೆ. ಆದ್ದರಿಂದ ಗೂಡಿನಿಂದ ದುಡ್ಡು ಮಾಡುತ್ತೇವೆ ಎಂದು ಹೊರಡಬೇಡಿ. ಸಂಜೆ ಮಕ್ಕಳನ್ನು ಕರೆದುಕೊಂಡು ಕುಟುಂಬಗಳು ಬರುತ್ತವೆ, ಮೊಟ್ಟೆಯ ಘೀ ರೋಸ್ಟ್ ಕೇಳಿ ತಿನ್ನುತ್ತಾರೆ. ಲಾಭ ಇದ್ದರೆ ಅಷ್ಟೇ.

ಹೊಸ ಗೂಡಿನ ಮೊದಲ ಮಳೆಗಾಲ, 2022ರ ಜೂನ್‌ನಿಂದ ಸೆಪ್ಟೆಂಬರ್ ತನಕ, 60ರಲ್ಲಿ ನಾವು ಕಳೆದುಕೊಂಡದ್ದು 3. ಒಂದು ತಲೆ ಹೊಡೆದುಕೊಂಡದ್ದು, ಎರಡು ಕಾರಣ ತಿಳಿಯದೆ ಹೋದದ್ದು. ಹಳೆಯ ಡೈರಿಯ 55ರ ಲೆಕ್ಕ ಇನ್ನೂ ಗಲ್ಲಾದ ಡ್ರಾವರಿನಲ್ಲಿದೆ. ಆ ಹಕ್ಕಿಗಳಿಗೆ ಬೇರೆ ಕಡೆ ಹೋಗಲು ದಾರಿ ಇರಲಿಲ್ಲ. ನಾವು ಕಟ್ಟಿದ್ದರೊಳಗೆ ಇರಲೇಬೇಕಿತ್ತು.

ಕಟ್ಟಲು ಮನಸ್ಸಿರುವವರು ಒಂದು ಕೆಲಸ ಮಾಡಿ. ಚಳಿಗಾಲದಲ್ಲಿ ಬಂದು ನೋಡಬೇಡಿ, ಆಗ ಎಲ್ಲಾ ಗೂಡೂ ಚೆಂದ ಕಾಣುತ್ತದೆ. ಜುಲೈ ತಿಂಗಳಲ್ಲಿ ಜೋರು ಮಳೆಯ ಒಂದು ದಿನ ಬನ್ನಿ. ಗೂಡಿನೊಳಗೆ ಕೈ ಹಾಕಿ ಉಮಿ ಮುಟ್ಟಿ ನೋಡಿ. ಒಣಗಿದ್ದರೆ ನಮ್ಮ ಅಳತೆ ಬರೆದುಕೊಳ್ಳಿ, ಒದ್ದೆ ಇದ್ದರೆ ನಮಗೇ ಬುದ್ಧಿ ಹೇಳಿ ಹೋಗಿ. ಬಿಸಿ ಕಾಫಿ ಅಂತೂ ತಯಾರಿರುತ್ತದೆ.